ಕಂಡಕ್ಟರ್ ಮುತ್ತಪ್ಪನ ಮೊಬೈಲಿಗೆ ಉಡಿ ತುಂಬಿದ್ದು

ಕಂಡಕ್ಟರ್ ಮುತ್ತಪ್ಪನಿಗೆ ದೇವರು ಗಂಟಲು ಕೊಡುವಾಗ ಕೈ ಬಿಚ್ಚಿ ಕೊಟ್ಟಿದ್ದ. ಅವನು ಪೀರನವಾಡಿಯಲ್ಲಿ ನಿಂತು ‘ಖಾನಾಪುರ, ಖಾನಾಪುರ’ ಎಂದು ಕೂಗಿದರೆ ಮಚ್ಛೆಯಲ್ಲಿ ಚಹಾ ಕುಡಿಯುತ್ತ ಕುಳಿತವರು ಗ್ಲಾಸು ಕೆಳಗಿಟ್ಟು ಏಳುತ್ತಾರೆ ಎಂದು ಡ್ರೈವರ್ ತಮ್ಮಣ್ಣ ಚೇಷ್ಟೆ ಮಾಡುತ್ತಿದ್ದ. ಬೆಳಗಾವಿಗೂ ಖಾನಾಪುರಕ್ಕೂ ದಿನವಿಡೀ ಓಡಾಡುವ ಆ ಬಸ್ಸಿನಲ್ಲಿ ಕನ್ನಡದವರಿಗೆ ಕನ್ನಡದಲ್ಲಿ, ಮರಾಠಿಯವರಿಗೆ ಮರಾಠಿಯಲ್ಲಿ, ಜಗಳ ತೆಗೆದವರಿಗೆ ಎರಡರಲ್ಲೂ ಉತ್ತರ ಕೊಡುವ ಗಂಡು ಅವನು. ಆದರೆ ಮದುವೆಗೆ ಬಂದ ಹುಡುಗಿಯೊಬ್ಬಳು ಎದುರಿಗೆ ಕುಳಿತಳೆಂದರೆ ಆ ಗಂಟಲು ಎಲ್ಲಿ ಅಡಗುತ್ತಿತ್ತೋ, ಕೊಟ್ಟ ದೇವರಿಗೇ ಗೊತ್ತು. ಕನ್ಯಾ ನೋಡಲು ಹೋದ ಮನೆಗಳಲ್ಲಿ ಅವನು ನೋಡಿ ಬಂದದ್ದು ಅವಲಕ್ಕಿಯ ತಾಟನ್ನು ಮಾತ್ರ. ಬೈಲಹೊಂಗಲದ ಕಡೆಯವರೊಬ್ಬರು, ಹುಡುಗ ಒಳ್ಳೆಯವನೇ, ಆದರೆ ಮೂಕನೇನು ಎಂದು ನಡುವಿನವರ ಹತ್ತಿರ ವಿಚಾರಿಸಿದ್ದರಂತೆ. ಹೀಗಾಗಿ ಬಸ್ಸಿನ ನೌಕರಿ, ಖಾನಾಪುರದಲ್ಲಿ ಸ್ವಂತ ಮನೆ, ಮೇಲೊಂದು ಒಳ್ಳೆಯ ಮೀಸೆ, ಇಷ್ಟೆಲ್ಲ ಇದ್ದೂ ಮೂವತ್ತು ದಾಟಿದ ಮುತ್ತಪ್ಪ ಹಾಗೆಯೇ ಉಳಿದುಬಿಟ್ಟಿದ್ದ.

ಅವನ ತಾಯಿ ಭೀಮಕ್ಕನಿಗೆ ಇದೇ ಕೊರಗು. ಕುರಿಮಂದೆಯ ಹಿಂದೆ ತಾಲೂಕು ಸುತ್ತಿದ ಮನೆತನದ ಹೆಂಗಸು ಅವಳು. ಮಂದೆಯಲ್ಲಿ ಮೈಯೊಳಗೆ ಸುಖವಿಲ್ಲದ ಮರಿ ಯಾವುದೆಂದು ದೂರದಿಂದಲೇ ಬೆರಳು ಮಾಡಿ ತೋರಿಸಬಲ್ಲವಳಿಗೆ, ಪಕ್ಕದಲ್ಲೇ ಕುಳಿತು ರೊಟ್ಟಿ ತಿನ್ನುವ ಮಗನ ಮನಸ್ಸಿನಲ್ಲಿ ಏನಿದೆ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಕೇಳಿದರೆ ಅವನು ಇನ್ನೊಂದು ರೊಟ್ಟಿ ಬೇಡುತ್ತಿದ್ದ.

ಎರಡು ಸಾವಿರದ ಆರನೇ ಇಸವಿಯಲ್ಲಿ ಅವನ ಕೈಗೊಂದು ಕ್ಯಾಮೆರಾ ಇರುವ ಮೊಬೈಲು ಬಂತು. ಗೋವೆಯಲ್ಲಿ ಕೆಲಸಕ್ಕಿದ್ದ ಸೋದರಮಾವನ ಮಗ, ತನಗೆ ಹೊಸದು ಬಂತೆಂದು ಹಳೆಯದನ್ನು ಇವನಿಗೆ ದಾಟಿಸಿದ್ದ. ಬೆನ್ನ ಮೇಲೆ ಒಂದು ಕಣ್ಣು, ಹೊಟ್ಟೆಯ ಮೇಲೆ ಗುಂಡಿಗಳು, ಒಳಗೆ ಬ್ಲೂಟೂತ್ ಎಂಬ ಮಾಯೆ. ಆಗ ಖಾನಾಪುರ ತಾಲೂಕಿನಲ್ಲಿ ಮೊಬೈಲು ಇದ್ದವರೇ ಕಡಿಮೆ, ಫೋಟೋ ತೆಗೆಯುವ ಮೊಬೈಲು ಇದ್ದವರು ಇನ್ನೂ ಕಡಿಮೆ. ಫೋಟೋವನ್ನು ಗಾಳಿಯಲ್ಲಿ ಊರಿಂದೂರಿಗೆ ಕಳಿಸಬಹುದು ಎಂದು ಕಂಪನಿಯವರೇನೋ ಹೇಳುತ್ತಿದ್ದರು. ಆದರೆ ಕಳಿಸಿದ್ದು ಮುಟ್ಟಿದ ಸುದ್ದಿಯನ್ನು ಮುತ್ತಪ್ಪನಂತೂ ಕೇಳಿರಲಿಲ್ಲ.

ಖಾಸಬಾಗದ ದಿಗಂಬರ ಕಾಕಾನಿಂದ ಎಲ್ಲ ಸುರುವಾಯಿತು. ಕಾಕಾ ನಿವೃತ್ತ ಗುಮಾಸ್ತ, ಬಸ್ಸಿನ ಹಳೆಯ ಗಿರಾಕಿ. ಅವರ ಮಗಳು ಶುಭದಾ ಖಾನಾಪುರದ ಗಂಡನ ಮನೆಯಲ್ಲಿ ಎರಡನೆಯದನ್ನು ಹೆತ್ತಿದ್ದಳು. ಕೂಸನ್ನು ನೋಡುವ ಆಸೆ ಕಾಕಾನಿಗೆ ದಿನಾ. ಆದರೆ ಬೀಗರ ಮನೆಗೆ ದಿನಾ ಹೋಗುವುದು ಮರ್ಯಾದೆಯಲ್ಲ, ಹೋದರೂ ಅವರು ಊಟಕ್ಕೆ ಏಳಿಸುತ್ತಾರೆ, ಉಂಡರೆ ಇವರಿಗೆ ಸಂಕೋಚ. ಹಾಗಾಗಿ ಮುತ್ತಪ್ಪನಿಗೆ ಹೇಳಿದರು. ಶುಭದಾ ಖಾನಾಪುರದ ಸ್ಟ್ಯಾಂಡಿಗೆ ಕೂಸನ್ನು ಎತ್ತಿಕೊಂಡು ಬಂದಳು, ಮುತ್ತಪ್ಪ ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಫೋಟೋ ತೆಗೆದ, ಬೆಳಗಾವಿಯಲ್ಲಿ ಕಾಕಾ ಕಿಟಕಿಯ ಕೆಳಗೆ ಕಾದು ನಿಂತಿದ್ದರು. ಉಗುರಿನಷ್ಟು ಮುಖ, ಅದರಲ್ಲಿ ಅರ್ಧ ಟೊಪ್ಪಿಗೆ. ಕಾಕಾ ಅದನ್ನು ನೋಡಿ ಅಲ್ಲೇ ಕಣ್ಣೊರೆಸಿಕೊಂಡರು. ಮಾರನೆಯ ದಿನ ಮತ್ತೆ ಬಂದರು. ಆಮೇಲೆ ಎಲ್ಲಿಗೂ ಹೋಗುವುದಿಲ್ಲದಿದ್ದರೂ ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿಗೆ ಹಾಜರಾಗುವುದು ಅವರ ನಿತ್ಯನೇಮವಾಯಿತು.

ಒಬ್ಬರು ಕಂಡದ್ದು ಊರು ಕಾಣದೇ ಇರುತ್ತದೆಯೇ. ದೇಸೂರಿನ ರೈತನೊಬ್ಬ ಎಮ್ಮೆಯ ಫೋಟೋ ತೆಗೆಸಿ, ಬೆಳಗಾವಿಯ ಗಿರಾಕಿಗೆ ಕೆಚ್ಚಲು ಮೊದಲು ತೋರಿಸು, ಮುಖ ಆಮೇಲೆ ಎಂದ. ಶಹಾಪುರದ ಗಂಗಾದೇವಿ ಖಾನಾಪುರದಲ್ಲಿದ್ದ ತಂಗಿಯ ಜೊತೆ ತವರಿನ ತಾಮ್ರದ ಹಂಡೆಯ ಸಲುವಾಗಿ ಮಾತು ಬಿಟ್ಟವಳು. ಆ ಹಂಡೆ ಬೆಳಗಿಸಿ, ಅದಕ್ಕೆ ಹೂ ಮುಡಿಸಿ, ಫೋಟೋ ತೆಗೆಸಿ ತಂಗಿಗೆ ಕಳಿಸಿದಳು. ತಂಗಿ ಸುಮ್ಮನಿರುವವಳೇ, ತನ್ನ ಹೊಸ ಫ್ರಿಜ್ಜಿನ ಬಾಗಿಲು ತೆರೆದು ಫೋಟೋ ಕಳಿಸಿದಳು. ಹಂಡೆಗೆ ಫ್ರಿಜ್ಜು, ಫ್ರಿಜ್ಜಿಗೆ ಕಪಾಟು, ಕಪಾಟಿಗೆ ಸೊಸೆಯ ಕೊರಳಿನ ಸರ, ಹೀಗೆ ಯುದ್ಧ ನಡೆಯಿತು. ಕಡೆಗೆ ಇಬ್ಬರ ಮಕ್ಕಳೂ ಮೊಬೈಲು ಕೊಂಡರು. ಆದರೆ ಬ್ಲೂಟೂತಿನ ಸ್ವಭಾವ ನಿಮಗೆ ಗೊತ್ತಲ್ಲ, ಎರಡು ಮೊಬೈಲುಗಳು ಬೆನ್ನಿಗೆ ಬೆನ್ನು ಕೊಟ್ಟು ಕೂಡದೆ ಫೋಟೋ ದಾಟುವುದಿಲ್ಲ. ಮುನಿಸಿಕೊಂಡ ಅಕ್ಕತಂಗಿಯರು ಒಂದು ಮದುವೆಯ ಚಪ್ಪರದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತು, ಫೋಟೋ ದಾಟುವುದನ್ನು ಕಾಯುತ್ತ, ಸುಮ್ಮನೆ ಎಷ್ಟು ಹೊತ್ತು ಕುಳಿತಾರು. ಆಮೇಲೆ ಹಂಡೆಯ ಮಾತನ್ನು ಯಾರೂ ತೆಗೆಯಲಿಲ್ಲ.

ಬರಬರುತ್ತ ಕನ್ಯೆಯರ ಫೋಟೋಗಳೂ ಬಸ್ಸು ಹತ್ತಿದವು. ಇದರಲ್ಲಿ ಮುತ್ತಪ್ಪ ಬಹಳ ಕಟ್ಟುನಿಟ್ಟು. ಯಾರ ಮನೆಗೆ ಹೇಳಿದ್ದಾರೋ ಆ ಮನೆಯವರಿಗೆ ಮಾತ್ರ ತೋರಿಸುವುದು, ತೋರಿಸಿದ ಕೂಡಲೇ ಅಳಿಸಿಬಿಡುವುದು. ಮಂದಿಯ ಮನೆಯ ಹೆಣ್ಣಿನ ಮುಖ ತನ್ನ ಮನೆಯ ಹೊಸ್ತಿಲು ದಾಟಬಾರದು. ತಮ್ಮಣ್ಣ ಎಷ್ಟು ಗೋಗರೆದರೂ ಅವನಿಗೆ ಎಮ್ಮೆಯ ಹೊರತು ಇನ್ನೇನೂ ನೋಡಲು ಸಿಗುತ್ತಿರಲಿಲ್ಲ. ಅದಕ್ಕೇ ಹೆತ್ತವರು ಮುತ್ತಪ್ಪನನ್ನು ನಂಬಿದರು. ಸ್ಟುಡಿಯೋದ ಫೋಟೋ ಕೈಯಿಂದ ಕೈಗೆ ಹೋಗಿ ಎಲ್ಲೆಲ್ಲೋ ಉಳಿದುಬಿಡುತ್ತದೆ, ಮುತ್ತಪ್ಪನ ಮೊಬೈಲಿನದು ಹಾಗಲ್ಲ ಎಂದು ಮಾತಾಯಿತು. ಹುಡುಗಿಯರ ಮುಂದೆ ಮೂಕನಾಗುವವನ ಕೈಯಲ್ಲಿ ತಾಲೂಕಿನ ಹುಡುಗಿಯರ ಮುಖಗಳು. ಯಾರಿಗೆ ಏನು ಕೊಡಬೇಕೆಂಬುದು ದೇವರಿಗೂ ಕೆಲವೊಮ್ಮೆ ತಿಳಿಯುವುದಿಲ್ಲ.

ಇಂಥವನ ನೇಮ ತಪ್ಪಿಸಿದವಳು ಪ್ರಮಿಳಾ. ವಡಗಾವಿಯ ಹುಡುಗಿ, ಶಹಾಪುರದ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ. ಖಾನಾಪುರದ ನೇತ್ರ ಶಿಬಿರದಲ್ಲಿ ಕೊಟ್ಟ ಚೀಟಿ ಹಿಡಿದು ತಾಯಿಗೆ ಚಾಳೀಸು ಮಾಡಿಸಲು ಹೋದಾಗ ಮುತ್ತಪ್ಪ ಅವಳನ್ನು ಮೊದಲು ಕಂಡದ್ದು. ಚಾಳೀಸೇನೋ ಚೆನ್ನಾಗಿಯೇ ಬಂತು. ಆದರೆ ಅದರ ಕಡ್ಡಿಯ ತಿರುಪು ಯಾಕೋ ಮತ್ತೆ ಮತ್ತೆ ಸಡಿಲಾಗುತ್ತಿತ್ತು. ಸಡಿಲಾದಾಗಲೆಲ್ಲ ಮುತ್ತಪ್ಪ ಅದನ್ನು ಶಹಾಪುರಕ್ಕೆ ಒಯ್ಯುತ್ತಿದ್ದ, ಅವಳು ಸಣ್ಣ ತಿರುಪುಳಿಯಿಂದ ಬಿಗಿ ಮಾಡಿ ಕೊಡುತ್ತಿದ್ದಳು, ಇವನು ತಲೆಯಾಡಿಸಿ ಬರುತ್ತಿದ್ದ. ಸಡಿಲಾಗದ ವಾರ ಇವನೇ ಸಡಿಲು ಮಾಡುತ್ತಿದ್ದ ಎಂಬುದನ್ನು ಬಲ್ಲವರು ಯಾರೂ ಇಲ್ಲವೆಂದೇ ಅವನು ತಿಳಿದಿದ್ದ. ಇಷ್ಟು ತಿಂಗಳಲ್ಲಿ ಅವರಿಬ್ಬರ ನಡುವೆ ಆದ ಮಾತು ಎಲ್ಲ ಸೇರಿಸಿದರೂ ಪೀರನವಾಡಿಯಿಂದ ಮಚ್ಛೆಯ ತನಕ ಬರುವಷ್ಟಿರಲಿಲ್ಲ.

ಒಂದು ಶುಕ್ರವಾರ ಬೆಳಗಾವಿಯ ಸ್ಟ್ಯಾಂಡಿನಲ್ಲಿ ಬಿಳಿ ಮೀಸೆಯ ಹಿರಿಯರೊಬ್ಬರು ಅವನನ್ನು ಬದಿಗೆ ಕರೆದರು. ಹೆಸರು ಮೈಲಾರಲಿಂಗ, ಕಚೇರಿಯೊಂದರಲ್ಲಿ ಜವಾನ. ಖಾನಾಪುರದ ಭರಮಣ್ಣನ ಮಗ ಬ್ಯಾಂಕಿನಲ್ಲಿ ಕ್ಲಾರ್ಕ, ನಮ್ಮವರೇ, ಹುಡುಗಿಯ ಫೋಟೋ ಕೇಳಿದ್ದಾರೆ, ಸ್ಟುಡಿಯೋಕ್ಕೆ ಒಯ್ದರೆ ಮಗಳು ಮುಖ ಗಂಟು ಹಾಕಿಕೊಳ್ಳುತ್ತಾಳೆ, ನೀವೇ ಅವಳ ಅಂಗಡಿಗೆ ಹೋಗಿ ತೆಗೆದುಕೊಂಡು ಮುಟ್ಟಿಸಬೇಕು ಎಂದರು. ಯಾವ ಅಂಗಡಿ ಎಂದು ಕೇಳಿದ ಮುತ್ತಪ್ಪನಿಗೆ ಉತ್ತರ ಸಿಕ್ಕಾಗ, ಕೈಯಲ್ಲಿದ್ದ ಚಿಲ್ಲರೆ ಕೆಳಗೆ ಬಿತ್ತು. ಬೇಡ ಎನ್ನಬಹುದಿತ್ತು. ನಂಬಿ ಬಂದ ಹಿರಿಯರಿಗೆ ಬೇಡ ಎನ್ನಲು ಕಾರಣ ಹೇಳಬೇಕಲ್ಲ. ಹೂಂ ಎಂದ.

ಅಂಗಡಿಯಲ್ಲಿ ಪ್ರಮಿಳಾ ಅಪ್ಪನ ಮಾತಿಗೆ ಒಪ್ಪಿ ನಿಂತಳೇ ಹೊರತು ಮನಸ್ಸಿನಿಂದಲ್ಲ. ಚೌಕಟ್ಟಿನಲ್ಲಿ ಅವಳ ತಲೆ ಕಡಿಯುತ್ತಿತ್ತು. ಹಿಂದೆ ಸರಿಯಿರಿ ಎನ್ನಬೇಕಾದ ಕಡೆ ಗಾಬರಿಯಲ್ಲಿ ಮುತ್ತಪ್ಪನ ಬಾಯಿಂದ ಬಸ್ಸಿನ ಮಾತು ಬಸ್ಸಿನ ದನಿಯಲ್ಲೇ ಹೊರಟಿತು. “ಒಳಗ ಹೋಗ್ರಿ, ಒಳಗ ಹೋಗ್ರಿ, ಹಿಂದ ಜಾಗಾ ಐತಿ.” ಹಿಂದೆ ಇದ್ದದ್ದು ಗೋಡೆ, ಗೋಡೆಯ ತುಂಬ ಕನ್ನಡಕ. ಪ್ರಮಿಳಾಗೆ ನಗು ತಡೆಯಲಿಲ್ಲ. ಬಾಯಿಗೆ ಸೆರಗು ಒಯ್ಯುವಷ್ಟರಲ್ಲಿ ಮುತ್ತಪ್ಪನ ಹೆಬ್ಬೆರಳು ಗುಂಡಿ ಒತ್ತಿಬಿಟ್ಟಿತ್ತು. ಆಮೇಲೆ ಅವಳು ಕೈ ಕಟ್ಟಿ, ತುಟಿ ಮುಚ್ಚಿ ನಿಂತ ಇನ್ನೊಂದನ್ನೂ ತೆಗೆದ. ಬೀಗರಿಗೆ ತೋರಿಸುವುದು ಅದನ್ನೇ ಎಂದು ಇಬ್ಬರಿಗೂ ಗೊತ್ತಿತ್ತು.

ಆ ದಿನ ಭರಮಣ್ಣನ ಮನೆಗೆ ಬೀಗ. ಎಲ್ಲರೂ ನೆಂಟರ ಊರಿಗೆ ಹೋಗಿದ್ದರು, ಮರುದಿನ ಸಂಜೆಗೆ ಬರುವವರು. ಮೊದಲ ಸಲ ಒಬ್ಬ ಹುಡುಗಿಯ ಫೋಟೋ ಮುತ್ತಪ್ಪನ ಮನೆಯ ಹೊಸ್ತಿಲು ದಾಟಿತು. ದಾಟಿದ್ದಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಖಾನಾಪುರ ಸ್ಟ್ಯಾಂಡಿನಲ್ಲಿ ಬಸ್ಸು ಖಾಲಿಯಾದ ಮೇಲೆ ಹಿಂದಿನ ಸೀಟಿನಲ್ಲಿ ಕುಳಿತು ಈ ಮಹಾಶಯ ಆ ನಗುವ ಫೋಟೋವನ್ನು ಮೊಬೈಲಿನ ಮುಖದ ಮೇಲೆಯೇ ಕೂಡಿಸಿದ. ಮೊದಲು ಅಲ್ಲೊಂದು ಹೂವಿನ ಚಿತ್ರವಿತ್ತು. ಈಗ ಮೊಬೈಲಿಗೆ ಜೀವ ಬಂದಾಗಲೆಲ್ಲ ಪ್ರಮಿಳಾ ನಗುತ್ತಿದ್ದಳು. ಒಂದು ದಿನದ ಮಟ್ಟಿಗೆ, ನಾಳೆ ತೆಗೆದುಬಿಡುತ್ತೇನೆ ಎಂದುಕೊಂಡ. ಖುಷಿಯಿಂದ ಅವನಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಮನೆಗೆ ಬಂದು ಮೊಬೈಲನ್ನು ದೇವರ ಮಾಡದ ಪಕ್ಕ ಇಟ್ಟು ಮುತ್ತಪ್ಪ ಜಳಕಕ್ಕೆ ಹೋದ. ಭೀಮಕ್ಕ ದೀಪ ಹಚ್ಚುತ್ತಿದ್ದಳು. ಆಗ ತಮ್ಮಣ್ಣನ ಫೋನು ಬಂತು, ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಸುಮ್ಮನಾದ ಮೇಲೆ ಬೆಳಕಿನಲ್ಲಿ ಒಂದು ಹುಡುಗಿ. ಭೀಮಕ್ಕ ಚಾಳೀಸು ಸರಿ ಮಾಡಿಕೊಂಡು ನೋಡಿದಳು. ಮೂಗು ಚೆಂದ, ಹಲ್ಲು ಸಾಲಾಗಿವೆ, ನಗು ಮನೆ ತುಂಬುವಂಥದ್ದು. ಮಗನ ಮೊಬೈಲಿನಲ್ಲಿ ಮಂದಿಯ ಫೋಟೋಗಳಿರುತ್ತವೆ ಎಂದು ಅವಳಿಗೆ ಗೊತ್ತು. ಅವನೇ ಒಮ್ಮೆ ಶುಭದಾಳ ಕೂಸನ್ನು ತೋರಿಸಿದ್ದ, ಗುಂಡಿ ಒತ್ತಿ, ಇನ್ನೊಂದು ಒತ್ತಿ, ಕೋಣೆಯಿಂದ ಕೋಣೆಗೆ ಹೋದ ಹಾಗೆ ಒಳಗೆ ಹೋಗಿ. ಇವಳು ಒಳಗಿರಲಿಲ್ಲ. ತಲಬಾಗಿಲಲ್ಲೇ ನಿಂತಿದ್ದಳು. ಬಾಯಿ ಸತ್ತ ಮಗ ಕಡೆಗೂ ಅವ್ವನಿಗೆ ಹೇಳುವುದನ್ನು ಹೇಳಿದ ಎಂದು ಭೀಮಕ್ಕ ತಿಳಿದಳು. ಅವಳಿಗೆ ಅಳು ಬಂತು, ಹೊತ್ತು ಮಾಡದೆ ಓಣಿಗೆ ಓಡಿದಳು.

ಶುಕ್ರವಾರ, ದೀಪ ಹಚ್ಚುವ ಹೊತ್ತು, ಮನೆಗೆ ತಾನಾಗಿ ಬಂದ ಹೆಣ್ಣು. ಇನ್ನು ಮುಹೂರ್ತ ಬೇರೆ ಕೇಳಬೇಕೆ. ಭೀಮಕ್ಕ ಗಂಡನಿಲ್ಲದವಳಾದ್ದರಿಂದ ಓಣಿಯ ಐವರು ಮುತ್ತೈದೆಯರನ್ನು ಕರೆತಂದಳು. ಮಣೆಯ ಮೇಲೆ ಹಸಿರು ಖಣ ಹಾಸಿ, ಅದರ ಮೇಲೆ ಮೊಬೈಲನ್ನು ಗೋಡೆಗೆ ಆನಿಸಿ ಕೂಡಿಸಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಅಡಿಕೆ ಹಾಕಿ ಸೊಸೆಗೆ ತುಂಬುವ ಹಾಗೆ ಉಡಿ ತುಂಬಿದರು. ಹುಡುಗಿಯ ಹಣೆ ನೋಡಿ ಅಲ್ಲಿಗೆ ಸರಿಯಾಗಿ ಕುಂಕುಮ ಹಚ್ಚಿದರು. ತೊಂದರೆ ಒಂದೇ, ನಡುನಡುವೆ ಬೆಳಕು ಆರಿ ಹುಡುಗಿ ಮಾಯವಾಗುತ್ತಿದ್ದಳು. ಆರಿದಾಗಲೆಲ್ಲ ಒಬ್ಬಳು ಗಾಬರಿಯಾಗಿ ಕೈಗೆ ಸಿಕ್ಕ ಗುಂಡಿ ಒತ್ತುತ್ತಿದ್ದಳು. ಹಾಗೆ ಒತ್ತುವಾಗ ಹಸಿರು ಗುಂಡಿ ಎರಡು ಸಲ ಬಿತ್ತು, ಮೊಬೈಲು ತನ್ನ ಪಾಡಿಗೆ ತಮ್ಮಣ್ಣನಿಗೆ ಫೋನು ಹಚ್ಚಿತು. ಡಿಪೋದ ಹತ್ತಿರ ಭಜಿ ತಿನ್ನುತ್ತಿದ್ದ ತಮ್ಮಣ್ಣ, ಐವರು ಹೆಂಗಸರು ಸೋಬಾನ ಹಾಡುವುದನ್ನೂ, ಭೀಮಕ್ಕ ಚಾಳೀಸದ ಮೇಲೆ ಆಣೆ ಮಾಡಿ ಇಂಥ ಸೊಸೆ ಇಡೀ ತಾಲೂಕಿನಲ್ಲಿ ಇಲ್ಲ ಎನ್ನುವುದನ್ನೂ ಭಜಿ ಆರುವ ತನಕ ಕೇಳಿದ.

ಟಾವೆಲು ಸುತ್ತಿಕೊಂಡು ಹೊರಗೆ ಬಂದ ಮುತ್ತಪ್ಪ ಅಲ್ಲೇ ಕಂಬವಾದ. ಅವನ ಮೊಬೈಲು ಅಕ್ಕಿಯಲ್ಲಿ ಅರ್ಧ ಹೂತು ಕುಳಿತಿತ್ತು. ಮುತ್ತೈದೆಯರು ನಗುತ್ತ ಜಾಗ ಖಾಲಿ ಮಾಡಿದರು. ಆಮೇಲೆ ಅವನು ತಾಯಿಗೆ ಎಲ್ಲವನ್ನೂ ಹೇಳಿದ. ಆ ಹುಡುಗಿ ಭರಮಣ್ಣನ ಮಗನಿಗೆ ನೋಡಿದವಳು, ತಾನು ಬರಿಯ ಟಪಾಲಿನವನು, ಅವಳ ಅಪ್ಪ ನಂಬಿ ಕೊಟ್ಟಿದ್ದಾರೆ, ಹೊರಗೆ ಗೊತ್ತಾದರೆ ಹುಡುಗಿಯ ಹೆಸರು ಹಾಳು ಎಂದ. ಭೀಮಕ್ಕ ಮಣೆಯ ಪಕ್ಕ ಕುಸಿದು ಕುಳಿತಳು.

“ಮಂದಿ ಫೋಟೋ ಎಲ್ಲಾ ಒಳಗ ಇರ್ತಾವಲ್ಲೋ ತಮ್ಮಾ,” ಎಂದಳು ಆಮೇಲೆ. “ಈಕೀನ್ನ ಬಾಗಲದಾಗ ಯಾಕ ನಿಂದ್ರಿಸಿದಿ?”

ಮುತ್ತಪ್ಪ ತಲೆ ತಗ್ಗಿಸಿದ. ಟಾವೆಲಿನ ತುದಿ ತಿರುಚಿದ. ಭೀಮಕ್ಕನಿಗೆ ಉತ್ತರ ಸಿಕ್ಕಿತು. ಅವಳು ಅಕ್ಕಿಯೊಳಗಿಂದ ಮೊಬೈಲು ಎತ್ತಿ ಅವನ ಕೈಗೆ ಕೊಟ್ಟು, ಉಳಿದದ್ದನ್ನು ಖಣದಲ್ಲಿ ಗಂಟು ಕಟ್ಟಿದಳು.

“ತುಂಬಿದ ಉಡಿ ಆಕೀದು. ನಾವು ಬೇಯಿಸಿ ಉಣ್ಣಾಕ ಬರಂಗಿಲ್ಲ, ಹೊಳಿಗೆ ಬಿಡಾಕೂ ಬರಂಗಿಲ್ಲ. ಒಯ್ದು ಮುಟ್ಟಿಸು. ಒಲ್ಲೆ ಅಂದ್ರ ಒಲ್ಲೆ ಅನ್ನಲಿ. ಆದ್ರ ಖರೇ ಏನೈತಿ ಅದನ್ನ ಹೇಳು. ತಪ್ಪು ನಂದು ಅಂತ ಹೇಳು, ಆದ್ರ ಎಲ್ಲಾ ನಂದ ಅಂತ ಹೇಳಬ್ಯಾಡ.”

ಮರುದಿನ ಬೆಳಿಗ್ಗೆ ಮುತ್ತಪ್ಪ ಉಡಿಯ ಗಂಟನ್ನು ತನ್ನ ಸೀಟಿನ ಕೆಳಗೆ ಇಟ್ಟುಕೊಂಡು ಬಸ್ಸು ಹತ್ತಿದ. ತಮ್ಮಣ್ಣ ಹತ್ತಿದ ಕೂಡಲೇ ಹಾರ್ನನ್ನು ಬ್ಯಾಂಡಿನವರ ಧಾಟಿಯಲ್ಲಿ ಬಾರಿಸಿದ. ಪ್ರಭುನಗರಕ್ಕೆ ಬರುವಾಗ ಮುಂದಿನ ಸೀಟಿನವರಿಗೆ ಸುದ್ದಿ ಗೊತ್ತಿತ್ತು, ದೇಸೂರಿಗೆ ಹಿಂದಿನ ಸೀಟಿನವರಿಗೆ, ಮಚ್ಛೆಗೆ ನಿಂತವರಿಗೂ. ಎಮ್ಮೆಯ ರೈತ ಅವನ ಬೆನ್ನು ತಟ್ಟಿ, ಕನ್ಯೆ ಎಲ್ಲಿಯವಳು ಎಂದು ಕೇಳಿದ. ಚಾಳೀಸದ ಅಂಗಡಿಯವಳಿರಬೇಕು, ಒಂದೇ ತಿರುಪು ಎಷ್ಟು ಸಲ ಸಡಿಲಾಗುತ್ತದೆ ಎಂದು ತಮ್ಮಣ್ಣ ಸ್ಟೇರಿಂಗ್ ಹಿಡಿದೇ ಉತ್ತರ ಕೊಟ್ಟ. ಅವನು ಎಂದೋ ಲೆಕ್ಕ ಹಾಕಿಟ್ಟಿದ್ದ. ಮುತ್ತಪ್ಪ ಟಿಕೆಟ್ಟು ಹರಿಯುತ್ತ ಹೋದ, ಯಾರ ಮುಖವನ್ನೂ ನೋಡಲಿಲ್ಲ. ಸುಳ್ಳೆಂದರೆ ತಾಯಿಯ ಮಾತು ಕಳೆಯಬೇಕು, ಖರೆ ಎಂದರೆ ಪ್ರಮಿಳಾಳನ್ನು ಬಸ್ಸಿನ ಬಾಯಿಗೆ ಹಾಕಬೇಕು.

ಬೆಳಗಾವಿಯಲ್ಲಿ ದಿಗಂಬರ ಕಾಕಾ ಎಂದಿನಂತೆ ಕಿಟಕಿಯ ಕೆಳಗೆ ನಿಂತಿದ್ದರು. ತಮ್ಮಣ್ಣ ಇಳಿಯುವ ಮೊದಲೇ ಅವರಿಗೆ ಸುದ್ದಿ ಕೊಟ್ಟ. ಕಾಕಾ ನಕ್ಕರು, ಮುತ್ತಪ್ಪನ ಕೈ ಹಿಡಿದು ಕುಲುಕಿದರು, ಆಮೇಲೆ ಅವನ ಮುಖ ನೋಡಿ ಕುಲುಕುವುದನ್ನು ನಿಲ್ಲಿಸಿದರು.

“ಬಸ್ಸಿಗೆಲ್ಲಾ ಗೊತ್ತಾತು,” ಎಂದರು ಮೆಲ್ಲಗೆ. “ಆದ್ರ, ಹುಡುಗಿಗೆ ಗೊತ್ತ ಅದನೋ ಇಲ್ಲೋ?”

ಮುತ್ತಪ್ಪ ಲೆಕ್ಕ ಹಾಕಿದ. ಇನ್ನೊಂದು ಬಸ್ಸು, ಇನ್ನೊಂದು ಬಾಯಿ, ಮಧ್ಯಾಹ್ನದೊಳಗೆ ವಡಗಾವಿಗೆ ಸುದ್ದಿ ಹೋಗುತ್ತದೆ. ಅವಳ ಹೆಸರು ಅವಳಿಗಿಂತ ಮೊದಲು ಊರಿಗೆ ಗೊತ್ತಾಗುತ್ತದೆ, ಅದೂ ಅವನಿಂದ. ಮುಂದಿನ ಟ್ರಿಪ್ಪಿಗೆ ಇನ್ನೂ ವೇಳೆ ಇತ್ತು. ಗಂಟು ಬಗಲಿಗೆ ಇಟ್ಟುಕೊಂಡು ರಿಕ್ಷಾ ಹಿಡಿದ. ಶಹಾಪುರ ಮುಟ್ಟುವ ತನಕ ರಿಕ್ಷಾದವನಿಗೆ, ಜಾಗಾ ಐತಿ, ಹೋಗ್ರಿ, ಹೋಗ್ರಿ ಎನ್ನುತ್ತಲೇ ಇದ್ದ.

ಅಂಗಡಿಯಲ್ಲಿ ಪ್ರಮಿಳಾ ಮುದುಕರೊಬ್ಬರಿಗೆ ಕನ್ನಡಕ ಕೂಡಿಸುತ್ತಿದ್ದಳು. ಮುತ್ತಪ್ಪನನ್ನು ನೋಡಿ, ತಿರುಪು ಮತ್ತೆ ಹೋಯಿತೇ ಎಂದು ಕೇಳಿದಳು. ಮುತ್ತಪ್ಪ ಗಂಟನ್ನು ಗಾಜಿನ ಮೇಜಿನ ಮೇಲೆ ಇಟ್ಟ. ಅವನಿಗೆ ನಿಧಾನವಾಗಿ ಹೇಳಬೇಕೆಂದಿತ್ತು. ಆದರೆ ಬಾಯಿ ತೆರೆದರೆ ಬಂದದ್ದು ಬಸ್ಸಿನ ದನಿಯೇ. ಗೋಡೆಯ ಕನ್ನಡಕಗಳು ನಡುಗುವ ಹಾಗೆ, ತಡೆಯಿಲ್ಲದೆ, ಜಳಕಕ್ಕೆ ಹೋದದ್ದು, ದೀಪದ ಹೊತ್ತು, ಐವರು ಮುತ್ತೈದೆಯರು, ಅಕ್ಕಿ, ಉತ್ತತ್ತಿ, ಅವ್ವ ಕೇಳಿದ ಬಾಗಿಲ ಮಾತು, ತಮ್ಮಣ್ಣನ ಭಜಿ, ದೇಸೂರಿನ ರೈತ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮುದುಕರು ಒಂದು ಕಣ್ಣಿಗೆ ಗಾಜಿದ್ದು ಒಂದಕ್ಕಿಲ್ಲದೆ ಹಾಗೆಯೇ ಕುಳಿತು ಕೇಳಿದರು.

ಪ್ರಮಿಳಾ ಮೊಬೈಲು ಕೇಳಿದಳು. ಕೊಟ್ಟ. ಬೆಳಕು ಬಂದಾಗ ಅವಳಿಗೆ ತನ್ನದೇ ನಗು ಕಾಣಿಸಿತು, ಹಣೆಯ ಜಾಗದಲ್ಲಿ ಒರೆಸಿಯೂ ಹೋಗದ ಕುಂಕುಮ. ತುಂಬ ಹೊತ್ತು ನೋಡಿದಳು.

“ಉಡಿ ನಿಮ್ಮವ್ವ ತುಂಬ್ಸಿದ್ರು. ಇಲ್ಲಿ ಮುಂದ ಈ ಫೋಟೋ ಹಾಕಿದವರು ಯಾರು?”

“ನಾನಽ.”

ಅಷ್ಟು ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ಮಾತು ಎಂದೂ ಬಂದಿರಲಿಲ್ಲ. ಪ್ರಮಿಳಾ ಮೊಬೈಲನ್ನು ಮೇಜಿನ ಮೇಲೆ ಇಟ್ಟು, ಗಂಟಿನ ಮೇಲೆ ಕೈಯಾಡಿಸಿ, ಅದನ್ನು ಅವನ ಕಡೆಗೇ ಸರಿಸಿದಳು.

“ಇದು ಫೋಟೋಕ್ಕ ತುಂಬಿದ ಉಡಿ. ನಾನು ಇಲ್ಲಿ ಜೀವಂತ ನಿಂತೇನಿ. ನನಗ ತುಂಬಬೇಕಂದ್ರ ನಿಮ್ಮವ್ವ ಬರಬೇಕು. ಅದಕ್ಕಿಂತ ಮದ್ಲ ನೀವು ನಮ್ಮಪ್ಪನ ಹಂತ್ಯಾಕ ಹೋಗಿ ಈಗ ಹೇಳಿದಂಗ ಎಲ್ಲಾ ಹೇಳಬೇಕು. ಅಪ್ಪ ಹೂಂ ಅನ್ನೂತನಕ ನನ್ನ ಬಾಗಲದಾಗ ನಿಂದ್ರಸಬ್ಯಾಡ್ರಿ. ಒಳಗ ಇರ್ತೇನಿ.”

ಮುತ್ತಪ್ಪನಿಗೆ ಗಂಟು ತಿರುಗಿ ಬಂದದ್ದಷ್ಟೇ ಕಾಣಿಸಿತು. ಅದನ್ನು ಎತ್ತಿಕೊಂಡು, ತಪ್ಪಾಯಿತೆಂದು ಕೈ ಮುಗಿದು, ಮೆಟ್ಟಿಲಿಳಿದು ಬೀದಿಗೆ ಬಂದ. ಕಣ್ಣು ತುಂಬಿಕೊಂಡಿತ್ತು. ಹಿಂದೆಯೇ ಆ ಮುದುಕರು ಒಂಟಿ ಗಾಜಿನಲ್ಲಿ ತಡವರಿಸುತ್ತ ಬಂದು ಅವನ ಖಾಕಿಯ ತೋಳು ಹಿಡಿದರು. ಹುಚ್ಚಪ್ಪಾ, ಅವಳು ಬೇಡ ಎಂದಿಲ್ಲ, ಅವ್ವನನ್ನು ಕರಕೊಂಡು ಬಾ ಎಂದಿದ್ದಾಳೆ, ನನಗೆ ಕಣ್ಣಿಲ್ಲ, ನಿನಗೆ ಕಿವಿಯೂ ಇಲ್ಲವೇ ಎಂದರು. ಮುತ್ತಪ್ಪ ತಿರುಗಿ ನೋಡಿದ. ಒಳಗೆ ಪ್ರಮಿಳಾ ಬಾಯಿಗೆ ಸೆರಗು ಹಿಡಿದುಕೊಂಡು ಗೋಡೆಯ ಕಡೆ ಮುಖ ಮಾಡಿದ್ದಳು, ಭುಜ ಅಲುಗುತ್ತಿದ್ದವು. ಅವಳು ನಗುತ್ತಿದ್ದಳು.

ಅಲ್ಲಿಂದ ಅವನು ನೇರವಾಗಿ ಮೈಲಾರಲಿಂಗರ ಕಚೇರಿಗೆ ಹೋದ. ಅವರು ಸಾಹೇಬರ ಬಾಗಿಲ ಮುಂದಿನ ಸ್ಟೂಲಿನ ಮೇಲೆ ಕುಳಿತಿದ್ದರು. ಪೂರ್ತಿ ಕೇಳಿದರು. ಮೀಸೆ ಮೊದಲು ಬಿಗಿಯಿತು. ಹೇರು ಒಯ್ದು ಮುಟ್ಟಿಸೆಂದರೆ ದಾರಿಯಲ್ಲಿ ನಿನ್ನ ಮನೆಯಲ್ಲೇ ಇಳಿಸಿಕೊಂಡೆಯಾ ಎಂದು ಗದರಿದರು. ನೀನೇ ಬಂದು ಹೇಳದೆ ಊರ ಬಾಯಿಂದ ಕೇಳಿದ್ದರೆ ನಿನ್ನ ಕಾಲು ಮುರಿಯುತ್ತಿದ್ದೆ ಎಂದರು. ಆಮೇಲೆ ನಮ್ಮವರಲ್ಲಿ ನಿನ್ನ ಬೆಡಗು, ಅಂದರೆ ಗೋತ್ರ, ಯಾವುದು ಎಂದು ಕೇಳಿದರು. ಮುತ್ತಪ್ಪ ಹೇಳಿದ. ಬೆಡಗು ಬೇರೆಯಾಗಿತ್ತು, ಸಂಬಂಧಕ್ಕೆ ಅಡ್ಡಿಯಿರಲಿಲ್ಲ. ಮೈಲಾರಲಿಂಗರು ಮಗಳು ಏನೆಂದಳು ಎಂದು ವಿಚಾರಿಸಿದರು. ಮುತ್ತಪ್ಪ ಅದನ್ನೂ ಅಕ್ಷರ ಬಿಡದೆ ಹೇಳಿದ. ಆಗ ಅವರ ಮೀಸೆಯ ಒಂದು ತುದಿ ಮೇಲೆದ್ದಿತು. ಭರಮಣ್ಣನಿಗೆ ಫೋಟೋ ಬರುವುದಿಲ್ಲ ಎಂದು ನಾನೇ ಫೋನು ಮಾಡುತ್ತೇನೆ, ಅವರಿನ್ನೂ ಮುಖ ನೋಡಿಲ್ಲ, ಯಾರಿಗೂ ಅವಮಾನವಿಲ್ಲ ಎಂದರು.

ಭಾನುವಾರ ಭೀಮಕ್ಕ ಓಣಿಯ ಅದೇ ಐವರನ್ನು ಕರೆದುಕೊಂಡು, ಹೊಸ ಖಣ, ಹೊಸ ಅಕ್ಕಿ ಕಟ್ಟಿಕೊಂಡು ವಡಗಾವಿಗೆ ಬಂದಳು. ಫೋಟೋಕ್ಕೆ ತುಂಬಿದ ಮೊದಲಿನ ಗಂಟನ್ನು ಗುಡಿಯ ಪ್ರಸಾದಕ್ಕೆ ಕೊಟ್ಟಾಗಿತ್ತು. ಮಣೆಯ ಮೇಲೆ ಕುಳಿತ ಪ್ರಮಿಳಾ ಸೆರಗು ಒಡ್ಡಿದಳು. ಭೀಮಕ್ಕ ಅವಳ ಗಲ್ಲ ಹಿಡಿದು, ಚಾಳೀಸು ಹಣೆಗೇರಿಸಿ, ಹತ್ತಿರದಿಂದ ಎಷ್ಟು ಹೊತ್ತು ನೋಡಿದಳೆಂದರೆ ಹಾಡುವವರು ಹಾಡು ಮುಗಿಸಿ ಮತ್ತೆ ಮೊದಲಿಂದ ಎತ್ತಿಕೊಳ್ಳಬೇಕಾಯಿತು. ಬಾಗಿಲ ಬಳಿ ನಿಂತಿದ್ದ ಮುತ್ತಪ್ಪ ಈ ಸಲ ತಾಟನ್ನು ನೋಡಲಿಲ್ಲ. ಅವಳನ್ನೇ ನೋಡಿದ. ಅವಳೂ ಒಮ್ಮೆ ತಲೆಯೆತ್ತಿ ನೋಡಿದಳು, ಸುಖದಿಂದ ಅವನಿಗೆ ನಿಂತ ನೆಲ ತಿಳಿಯಲಿಲ್ಲ.

ಸೋಮವಾರ ಬೆಳಗಾವಿಯ ಸ್ಟ್ಯಾಂಡಿನಲ್ಲಿ ದಿಗಂಬರ ಕಾಕಾ ಕಿಟಕಿಗೆ ಕೈ ಚಾಚಿದರು. ಉಡಿ ತುಂಬಿದ ಫೋಟೋ ಬೇಕಿತ್ತು ಅವರಿಗೆ. ಗಂಗಾದೇವಿಯೂ ಬಂದಿದ್ದಳು, ದೇಸೂರಿನ ರೈತನೂ ಸೀಟು ಬಿಟ್ಟು ಎದ್ದು ಬಂದ, ತಮ್ಮಣ್ಣ ಇಂಜಿನ್ನು ನಿಲ್ಲಿಸಿ ಹಿಂದೆ ತಿರುಗಿ ಕುಳಿತ. ಮುತ್ತಪ್ಪ ಮೊಬೈಲು ತೆಗೆದ, ಗುಂಡಿ ಒತ್ತಿದ, ಇನ್ನೊಂದು ಒತ್ತಿದ, ಆಮೇಲೆ ಸುಮ್ಮನೆ ನಿಂತುಬಿಟ್ಟ. ತಾಲೂಕಿನ ಕೂಸು, ಎಮ್ಮೆ, ಹಂಡೆ, ಯಾವುದರ ಫೋಟೋವನ್ನೂ ಬಿಡದವನು ತನ್ನ ಬಾಳಿನ ಆ ಒಂದು ಗಳಿಗೆಯಲ್ಲಿ ಜೇಬಿಗೆ ಕೈ ಹಾಕುವುದನ್ನೇ ಮರೆತಿದ್ದ.

“ಫೋಟೋ ಇಲ್ರಿ ಕಾಕಾ,” ಎಂದ ಮುತ್ತಪ್ಪ ತನ್ನ ಪೂರ್ತಿ ಗಂಟಲಿನಲ್ಲಿ. “ಆಕೀನ್ನ ನೋಡಬೇಕಂದ್ರ ಮದುವಿಗೆ ಬರ್ರಿ.”

ಅವನು ಹೇಳಿದ್ದು ಕಾಕಾನಿಗೆ. ಆದರೆ ಆ ಗಂಟಲಿನಲ್ಲಿ ಹೇಳಿದ ಮಾತು ಒಬ್ಬರಿಗೆ ಹೇಳಿದ್ದಾಗಿ ಉಳಿಯುವುದುಂಟೇ. ಬಸ್ಸಿನಲ್ಲಿದ್ದವರೆಲ್ಲ ತಮ್ಮನ್ನು ಕರೆದನೆಂದೇ ತಿಳಿದರು, ಪಕ್ಕದ ಧಾರವಾಡದ ಬಸ್ಸಿನಲ್ಲಿ ಕುಳಿತವರೂ ತಿಳಿದರು. ಮದುವೆಯ ದಿನ ಅವರೆಲ್ಲ ಬಂದು ಪಂಕ್ತಿಯಲ್ಲಿ ಕುಳಿತರು, ಭೀಮಕ್ಕ ಒಬ್ಬರನ್ನೂ ಬಿಡದೆ ಮೈಮೇಲೆ ಬಿದ್ದು ಬಡಿಸಿದಳು.